ರಾಹುಕಾಲದಲ್ಲಿ ಕೂಗಿದ ಕ್ಯಾಮರಾ

ಹರಾಜಿನಲ್ಲಿ ಗೆಲ್ಲುವ ಉಪಾಯ ಬೇಕಿದ್ದರೆ ನಮ್ಮ ಯಜಮಾನರನ್ನು ಕೇಳಬೇಕಿತ್ತು. ಆರಂಭದಲ್ಲೇ ಬಾಯಿ ಬಿಡಬಾರದು, ಆತುರದವರೆಲ್ಲ ಕೂಗಿ ಕೂಗಿ ಸುಸ್ತಾಗಲಿ. ವಸ್ತುವನ್ನು ನೋಡಬಾರದು, ಎದುರಿಗೆ ಕೂಗುವವನನ್ನು ನೋಡಬೇಕು. ಹಠಮಾರಿ ಸಿಕ್ಕಿದರೆ ಅವನ ಜೊತೆ ಗುದ್ದಾಡದೆ ಆ ಸಲಕ್ಕೆ ಅವನಿಗೇ ಕೊಟ್ಟು ಸಾಗಹಾಕಬೇಕು. ಇದನ್ನೆಲ್ಲ ಅವರು ಸ್ಟುಡಿಯೋದಲ್ಲಿ ಲೈಟು ಸರಿಮಾಡುತ್ತಾ ಬಂದ ಗಿರಾಕಿಗಳಿಗೆ ಹೇಳುತ್ತಿದ್ದರು. ಪಾಸ್‌ಪೋರ್ಟ್ ಫೋಟೋಕ್ಕೆ ಕೂತವರಿಗೆ ಅಲ್ಲಾಡಬೇಡಿ ಅಂತ ತಾಕೀತು ಮಾಡಿರುತ್ತಿದ್ದರಿಂದ ಪಾಪ, ಅವರು ಹೂಂ ಅನ್ನಲೂ ಆಗದೆ ಕೇಳಿಸಿಕೊಳ್ಳುತ್ತಿದ್ದರು.

ಆ ಉಪಾಯಗಳಲ್ಲಿ ತಪ್ಪೇನಾದರೂ ಇತ್ತು ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಇವರು ಹೋಗಿ ಕೂಗಿದ ಜಾಗ ತಪ್ಪಿತ್ತು.

ಸ್ಟುಡಿಯೋ ಇದ್ದದ್ದು ಚನ್ನರಾಯಪಟ್ಟಣದಲ್ಲಿ, ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ. ಆ ಮಳಿಗೆಯಲ್ಲಿ ಈಗ ಬೇಕರಿ ಇದೆ, ಬೆಣ್ಣೆ ಬಿಸ್ಕತ್ತು ಚೆನ್ನಾಗಿರುತ್ತದಂತೆ, ನಾನು ತಿಂದಿಲ್ಲ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಹೊಳೆನರಸೀಪುರದ ಕಡೆಯಿಂದ ಮದುವೆಯಾಗಿ ಬಂದಾಗ ಇವರು ಆಗಲೇ ಊರಿಗೆಲ್ಲ ‘ಫೋಟೋ ಅಣ್ಣ’. ದಂಡಿಗನಹಳ್ಳಿ ಕಡೆಯ ಬೇಸಾಯದ ಮನೆ ಇವರದು. ತೆಂಗು, ರಾಗಿ ಎಲ್ಲ ಅಣ್ಣತಮ್ಮಂದಿರಿಗೆ ಬಿಟ್ಟು ಕ್ಯಾಮರಾ ಹಿಡಿದಿದ್ದರು. ಬಂದ ಹೊಸದರಲ್ಲೇ ನನಗೂ ಒಂದು ಕೆಲಸ ಕಲಿಸಿದರು. ಚೂಪಾದ ಪೆನ್ಸಿಲ್ಲು ಹಿಡಿದು ನೆಗೆಟಿವ್ ಮೇಲೆ ಮೊಡವೆ, ಗಾಯದ ಗುರುತು, ಕಣ್ಣಿನ ಕೆಳಗಿನ ಕಪ್ಪು ಇವನ್ನು ಸವರಿ ಅಳಿಸುವುದು. ಈ ತಾಲ್ಲೂಕಿನ ಎಷ್ಟೋ ಹೆಣ್ಣುಮಕ್ಕಳಿಗೆ ಗಂಡು ಗೊತ್ತಾಗುವುದರಲ್ಲಿ ನನ್ನ ಪೆನ್ಸಿಲ್ಲಿನ ಪಾಲೂ ಇದೆ. ಬಣ್ಣದ ರೋಲು ಬಂದಮೇಲೆ ಅವನ್ನು ಬೆಳಗಿನ ಬಸ್ಸಿನ ಕಂಡಕ್ಟರ್ ಕೈಲಿ ಹಾಸನದ ಲ್ಯಾಬಿಗೆ ಕಳಿಸುತ್ತಿದ್ದೆವು. ಸಾಯಂಕಾಲದ ಬಸ್ಸಿಗೆ ಲಕೋಟೆ ಬರುತ್ತಿತ್ತು. ಲಗ್ನದ ದಿನಗಳಲ್ಲಿ ಇವರು ಇವತ್ತು ನುಗ್ಗೇಹಳ್ಳಿ, ನಾಳೆ ಅರಕಲಗೂಡು ಅಂತ ಹೆಗಲಿಗೆ ಬ್ಯಾಗು ಹಾಕಿಕೊಂಡು ತಿರುಗುತ್ತಿದ್ದರು. ಮನೆಗೆ ಬಂದರೆ ಇವರ ಶರಟಿನ ತುಂಬ ಹೋಮದ ಹೊಗೆಯ ವಾಸನೆ.

ಎರಡು ಸಾವಿರ ಇಸವಿ ಕಳೆದು ಕೆಲವು ವರ್ಷಗಳಾದ ಮೇಲೆ ಡಿಜಿಟಲ್ ಬಂತು. ಮೊದಮೊದಲು ಇವರು ನಕ್ಕರು. ಆಮೇಲೆ ಒಂದು ಮದುವೆಯಲ್ಲಿ ಹೆಣ್ಣಿನ ಅಣ್ಣ ಧಾರೆ ಮುಗಿದ ಕೂಡಲೇ ಇವರ ಹತ್ತಿರ ಬಂದು, “ಎಲ್ಲಿ, ತೋರ್ಸಿ” ಅಂದನಂತೆ. ಇವರಿಗೆ ಅರ್ಥವಾಗಲಿಲ್ಲ. ಆ ಹುಡುಗ ಕ್ಯಾಮರಾದ ಹಿಂದಕ್ಕೆ ಬಗ್ಗಿ ನೋಡಿ, “ಅಯ್ಯೋ, ಇದು ಹಳೇದಾ” ಅಂದು ಹೋದ. ಆ ರಾತ್ರಿ ಇವರು ಊಟ ಮಾಡಲಿಲ್ಲ. ಅಷ್ಟು ಸಣ್ಣ ಮಾತಿಗೆ ಊಟ ಬಿಡುತ್ತಾರಾ ಅಂತ ನಾನು ರೇಗಿದೆ. ಸಣ್ಣ ಮಾತಲ್ಲ ಅಂತ ಮುಂದಿನ ವರ್ಷ ಗೊತ್ತಾಯಿತು. ನಮ್ಮ ಮದುವೆಗಳೆಲ್ಲ ಒಂದೊಂದಾಗಿ ಹಾಸನದ ಡಿಜಿಟಲ್‌ನವರ ಪಾಲಾದವು. ಕಡೆಗೆ ಲ್ಯಾಬಿನವರೂ ರೋಲು ತೊಳೆಯುವುದನ್ನು ವಾರಕ್ಕೊಮ್ಮೆ ಅಂತ ಮಾಡಿಬಿಟ್ಟರು. ಒಂದು ಒಳ್ಳೆ ಡಿಜಿಟಲ್ ಕ್ಯಾಮರಾ ಕೈಗೆ ಬರದಿದ್ದರೆ ಮುಂದಿನ ಲಗ್ನದ ಕಾಲ ದಾಟುವುದರೊಳಗೆ ಬಾಗಿಲು ಹಾಕಬೇಕು ಅನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು. ಹೇಳಿಕೊಳ್ಳುತ್ತಿರಲಿಲ್ಲ ಅಷ್ಟೆ.

ಕೈಯಲ್ಲಿ ಇದ್ದದ್ದು ಒಂದು ಚೀಟಿ. ನಮ್ಮ ಬೀದಿಯವರೇ ಸೇರಿಕೊಂಡು ನಡೆಸುತ್ತಿದ್ದದ್ದು. ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಎಲ್ಲರೂ ರಿಟೈರ್ಡ್ ಮೇಷ್ಟ್ರೊಬ್ಬರ ಮನೆ ಜಗಲಿಯಲ್ಲಿ ಸೇರುತ್ತಿದ್ದೆವು. ಎಲ್ಲರೂ ಕಟ್ಟಿದ ದುಡ್ಡು ಒಟ್ಟಾಗುತ್ತದೆ. ಅದರಲ್ಲಿ ಯಾರು ಹೆಚ್ಚು ಕಳೆದುಕೊಳ್ಳಲು ಒಪ್ಪಿ ಕೂಗುತ್ತಾರೋ ಅವರಿಗೆ ಆ ತಿಂಗಳ ಚೀಟಿ. ಅವರು ಕಳೆದುಕೊಂಡದ್ದನ್ನು ಮಿಕ್ಕವರು ಹಂಚಿಕೊಳ್ಳುತ್ತಾರೆ. ಒಂದು ಸಲ ಎತ್ತಿದವರು ಮತ್ತೆ ಕೂಗುವಂತಿಲ್ಲ, ಕಂತು ಮಾತ್ರ ಕಟ್ಟುತ್ತಾ ಹೋಗಬೇಕು. ಇವರ ಉಪಾಯಗಳೆಲ್ಲ ಹುಟ್ಟಿದ್ದು ಈ ಜಗಲಿಯ ಮೇಲೆ. ಹಠಮಾರಿಗೆ ಮೊದಲೇ ಬಿಟ್ಟುಕೊಡಿ ಅನ್ನುತ್ತಿದ್ದದ್ದು ಅದಕ್ಕೇ. ಎತ್ತಿಕೊಂಡ ಮೇಲೆ ಅವನು ಆಟದಿಂದ ಹೊರಗೆ. ಆಮೇಲೆ ಉಳಿಯುವವರು ಸಾವಧಾನದವರು.

ಜಗಲಿಯ ಮೇಲೆ ಇನ್ನೊಂದು ಪದ್ಧತಿಯೂ ಇತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಯಾರ ಮನೆಯಲ್ಲಾದರೂ ನಿಜವಾದ ಕಷ್ಟ ಇದ್ದರೆ ಅವರು ಕೂಗಿದ ಮೇಲೆ ಬೇರೆಯವರು ಸುಮ್ಮನಾಗಿಬಿಡುತ್ತಿದ್ದರು. ಯಾರೋ ಎಲೆಯಡಿಕೆ ತಟ್ಟೆ ಎಳೆದುಕೊಳ್ಳುವುದು, ಯಾರೋ ಬೀದಿ ನೋಡುವುದು. ಮೇಷ್ಟ್ರು ಅದನ್ನು ಕಂಡು ಬೇಗ ಬೇಗ ಮೂರು ಸಲ ಎಣಿಸಿ ಮುಗಿಸುತ್ತಿದ್ದರು.

ನಾವು ಕೂಗಿದ ಭಾನುವಾರ ನಮಗೆ ಎದುರಾಗಿ ಕೂಗಿದ್ದು ಹಿಟ್ಟಿನ ಮಿಲ್ಲಿನ ಅಕ್ಕ. ಗಂಡ ತೀರಿಹೋದ ಮೇಲೆ ಒಬ್ಬಳೇ ಮಿಲ್ಲು ನಡೆಸಿಕೊಂಡು ಮಗಳನ್ನು ಓದಿಸಿದವಳು. ಅವಳ ಮಿಲ್ಲಿನ ಮೋಟರು ಸುಟ್ಟು ಸುಟ್ಟು, ವೈಂಡಿಂಗ್ ಮಾಡಿಸಿ ಮಾಡಿಸಿ ಸಾಕಾಗಿ ಹೊಸದು ಹಾಕಿಸಬೇಕು ಅಂತಿದ್ದಳು. ಅದು ನಮಗೂ ಗೊತ್ತಿತ್ತು. ಇವರು ಒಂದು ಸಲ ಕೂಗಿದರು, ಅವಳು ಅದರ ಮೇಲೆ ಕೂಗಿದಳು. ಇವರು ಮತ್ತೆ ಕೂಗಿದರು, ಆದರೆ ದನಿ ಇಳಿದಿತ್ತು. ಅವಳು ಇವರ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡು, “ಫೋಟೋ ಅಣ್ಣಂಗೆ ಕ್ಯಾಮರಾ ಬೇಕಂತೆ, ಬುಡಿ. ನನ್ ಮೋಟ್ರು ಇನ್ನೂ ನಾಕ್ ದಿನ ತಿರುಗ್ತದೆ” ಅಂದಳು. ಮೇಷ್ಟ್ರು ಎಣಿಸಿಬಿಟ್ಟರು.

ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಇವರು ಏನೋ ಹೇಳಲು ಹೋದರು. ಅಕ್ಕ ಹೇಳಗೊಡಲಿಲ್ಲ.

“ಒಂದ್ ಮಾತು. ಒಸಾ ಕ್ಯಾಮರಾದಾಗೆ ಮೊದಲ್ನೇ ಫೋಟೋ ನನ್ ಮಗಳ್ದು. ಗಂಡಿನ್ ಕಡೆಯೋರಿಗೆ ಕಳಿಸ್ಬೇಕು.”

“ಅಕ್ಕ, ಅದ್ನೂ ಯೋಳ್ಬೇಕಾ” ಅಂದರು ಇವರು. ಅವರ ಕಣ್ಣು ಒದ್ದೆಯಾಗಿತ್ತು. ನಾನು ನೋಡಿಯೂ ನೋಡದ ಹಾಗಿದ್ದೆ.

ಆ ದುಡ್ಡಿಗೆ ಹಾಸನದಲ್ಲಿ ಒಂದು ಕ್ಯಾಮರಾ ಸಿಗುತ್ತಿತ್ತು. ಸೆಕೆಂಡ್ ಹ್ಯಾಂಡು. ಇಬ್ಬರೂ ಹೋಗಿ ನೋಡಿಯೂ ಬಂದೆವು. ಮೂಲೆ ಸವೆದಿತ್ತು, ಆದರೆ ಚಿತ್ರ ಚೆನ್ನಾಗಿ ಬರುತ್ತಿತ್ತು. ತಗೊಳ್ಳಿ ಅಂತ ನಾನು ಅಲ್ಲೇ ಅಂದೆ. ಇವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ವಾಪಸ್ ಕೊಟ್ಟು, ಬರುತ್ತೀವಿ ಅಂದರು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೇಳಿದ್ದು ಇಷ್ಟು: “ಎಲ್ಲಾನೂ ಇದಕ್ಕೇ ಸುರಿದ್ರೆ ಅಕ್ಕನ ಮೋಟ್ರಿಗೆ ಏನ್ ಮಾಡೋದು?”

ಅಲ್ಲಿಂದಲೇ ಶುರುವಾಯಿತು ನೋಡಿ. ಕ್ಯಾಮರಾ ಅಗ್ಗವಾಗಿ ಸಿಕ್ಕಿದರೆ ಮಿಕ್ಕಿದ್ದನ್ನು ಅಕ್ಕನ ಕೈಗೆ ಕೊಡಬಹುದು, ಅವಳು ತನ್ನ ಸರದಿಗೆ ಕಾಯಬೇಕಾಗಿಲ್ಲ. ದುರಾಸೆ ಆಗಿದ್ದರೆ ನಾನು ಜುಟ್ಟು ಹಿಡಿದು ನಿಲ್ಲಿಸುತ್ತಿದ್ದೆ. ಇದು ದುರಾಸೆ ಅಲ್ಲವಲ್ಲ, ಹಿಡಿಯುವುದಕ್ಕೆ ಜುಟ್ಟೇ ಇರಲಿಲ್ಲ.

ಸ್ಟುಡಿಯೋದ ಎದುರು ಸಾಲಿನಲ್ಲಿ ಸೈಬರ್ ಸೆಂಟರ್ ಇತ್ತು. ಅದರ ಮಾಲೀಕ ಕಟ್ಟಾಯದ ಕಡೆಯವನು, ಝೆರಾಕ್ಸು, ಲ್ಯಾಮಿನೇಷನ್ನು ಎಲ್ಲ ಇಟ್ಟುಕೊಂಡಿದ್ದ ನಡುವಯಸ್ಸಿನ ಗೃಹಸ್ಥ. ಇವರಿಗೆ ಅಣ್ಣ ಅನ್ನುತ್ತಿದ್ದ, ನನಗೆ ಅತ್ತಿಗೆ. ಕ್ಯಾಮರಾಗಳ ಬೆಲೆ ನೋಡಲು ಹೋದ ಇವರಿಗೆ ಅವನೇ ಒಂದು ಹೊಸ ಥರದ ಹರಾಜು ತೋರಿಸಿದ. ದೊಡ್ಡ ದೊಡ್ಡ ಸಾಮಾನು ಚಿಲ್ಲರೆ ಕಾಸಿಗೆ ಹೋಗುವ ಇಂಟರ್ನೆಟ್ ಸೈಟು. ಇವರು ಓಡಿಬಂದು ನನ್ನನ್ನೂ ಕರೆದುಕೊಂಡು ಹೋದರು.

ಪರದೆಯ ಮೇಲೆ ಸಾಮಾನಿನ ಚಿತ್ರ, ಕೆಳಗೆ ಬೆಲೆ, ಪಕ್ಕದಲ್ಲಿ ಸೊನ್ನೆಯ ಕಡೆಗೆ ಓಡುತ್ತಿರುವ ಗಡಿಯಾರ. ಯಾರಾದರೂ ಒಂದು ಸಲ ಒತ್ತಿದರೆ ಬೆಲೆ ಒಂದಿಷ್ಟು ಪೈಸೆ ಏರುತ್ತದೆ, ಗಡಿಯಾರಕ್ಕೆ ಮತ್ತೆ ಕೆಲವು ಸೆಕೆಂಡು ಸೇರುತ್ತದೆ. ಸೊನ್ನೆ ಮುಟ್ಟಿದಾಗ ಕೊನೆಗೆ ಒತ್ತಿದವರು ಯಾರೋ ಅವರಿಗೆ ಆ ಬೆಲೆಗೆ ಸಾಮಾನು. ಟೀವಿಯಂಥ ಟೀವಿ ಒಂದು ಮೂಟೆ ರಾಗಿಯ ಬೆಲೆಗೆ ಹೋಗುವುದನ್ನು ನಾನೇ ಕಣ್ಣಾರೆ ಕಂಡೆ. ಆದರೆ ಒತ್ತುವುದು ಪುಕ್ಕಟೆಯಲ್ಲ. ಒಂದೊಂದು ಸಲ ಒತ್ತುವುದಕ್ಕೂ ಒಂದು ‘ಬಿಡ್’, ಅವನ್ನು ಮೊದಲೇ ದುಡ್ಡು ಕೊಟ್ಟು ಕಟ್ಟುಗಟ್ಟಲೆ ಕೊಂಡಿರಬೇಕು. ಗೆಲ್ಲಲಿ ಸೋಲಲಿ, ಒತ್ತಿದ್ದು ಒತ್ತಿದ್ದೇ, ವಾಪಸ್ ಬರುವುದಿಲ್ಲ.

“ಚೀಟಿನಲ್ಲಿ ಸೋತವ್ರ ದುಡ್ಡು ಅವ್ರಿಗೇ ಇರುತ್ತೆ. ಇದ್ರಲ್ಲಿ ಸೋತವ್ರದ್ದು ಎಲ್ಲಿಗೆ ಹೋಗುತ್ತೆ?” ಅಂತ ಕೇಳಿದೆ.

“ಅದೇ ಅತ್ಗೆ, ಕಂಪ್ನಿಗೆ” ಅಂದ ಸೈಬರ್‌ನವನು. ಅವನೇನೂ ಮುಚ್ಚಿಡಲಿಲ್ಲ. “ಉಸಾರಾಗಿ ಆಡ್ಬೇಕು. ಎಷ್ಟು ಅಂತ ಮೊದ್ಲೇ ಗೆರೆ ಆಕ್ಕಂಡು ಕೂತ್ಕೋಬೇಕು.”

“ಸೋಲೋ ಮಾತ್ಯಾಕೆ” ಅಂದರು ಇವರು.

ಅವತ್ತಿನಿಂದ ಉಪಾಯಗಳ ಸಂಖ್ಯೆ ಹೆಚ್ಚಿತು. ಗಡಿಯಾರ ಸೊನ್ನೆಗೆ ಹತ್ತಿರ ಬರುವ ತನಕ ಒತ್ತಬಾರದು. ಹೊಸ ಸಾಮಾನಿನ ಮೇಲೆ ಮೊದಲ ದಿನ ಕೂಗಬಾರದು, ಒಂದೆರಡು ಸಲ ಎಷ್ಟಕ್ಕೆ ಹೋಗುತ್ತದೆ ಅಂತ ನೋಡಿಕೊಳ್ಳಬೇಕು. ಮಿಷನ್ನೇ ನಮ್ಮ ಪರವಾಗಿ ಒತ್ತುವ ಒಂದು ಅನುಕೂಲ ಇತ್ತು, ಅದನ್ನು ಮುಟ್ಟಬಾರದು. ನಾವು ಕಾಫಿ ಕುಡಿಯುವುದರೊಳಗೆ ಕೊಂಡದ್ದೆಲ್ಲ ಕರಗಿಸಿಬಿಡುತ್ತದೆ. ಇದೆಲ್ಲ ಲೆಕ್ಕದ ಮಾತೇ. ಎಲ್ಲಕ್ಕಿಂತ ದೊಡ್ಡ ಉಪಾಯ ಇವರು ಯಾರಿಗೂ ಹೇಳದೆ ನನಗೆ ಮಾತ್ರ ಹೇಳಿದ್ದು: ರಾಹುಕಾಲದಲ್ಲಿ ಕೂಗುವುದು.

“ಯಾರಾದ್ರೂ ರಾವುಕಾಲ್ದಾಗೆ ಒಸಾ ವಸ್ತುಗೆ ಕೈ ಆಕ್ತಾರಾ? ಆಗ ಕೂಗೋರೇ ಇರಾಕಿಲ್ಲ ಕಣೇ.”

“ಮತ್ತೆ ನೀವು ಹಾಕ್ಬೋದಾ?”

“ನಾನು ಕೂಗೋದು ರಾವುಕಾಲ್ದಾಗೆ. ವಸ್ತು ಬರೋದು ಕೊರಿಯರ್‌ನಾಗೆ, ಯಾವತ್ತೋ. ಮನೆ ಒಳಿಕ್ಕೆ ಬರೋ ಗಳ್ಗೆ ಒಳ್ಳೇದಿದ್ರಾಯ್ತು.”

ಗೋಡೆಯ ಕ್ಯಾಲೆಂಡರಿನಲ್ಲಿ ವಾರವಾರದ ರಾಹುಕಾಲ ಅಚ್ಚಾಗಿರುತ್ತಿತ್ತು. ಹಿಂದೆ ಅದನ್ನು ನೋಡಿಕೊಂಡು ಒಳ್ಳೆ ಕೆಲಸ ತಪ್ಪಿಸುತ್ತಿದ್ದ ಮನುಷ್ಯ ಈಗ ಅದನ್ನು ನೋಡಿಕೊಂಡು ಕೆಲಸಕ್ಕೆ ಹೊರಡುತ್ತಿದ್ದರು.

ನಗಬೇಡಿ, ಮೊದಲ ಸಲ ಗೆದ್ದೂಬಿಟ್ಟರು. ಸೋಮವಾರ ಬೆಳಗಿನ ರಾಹುಕಾಲದಲ್ಲಿ, ಒಂದು ಎಲೆಕ್ಟ್ರಿಕ್ ಕೆಟಲ್. ಕೊರಿಯರ್‌ನವನು ಡಬ್ಬ ತಂದುಕೊಟ್ಟ ದಿನ ಬೀದಿಯವರೆಲ್ಲ ಬಂದು ನೋಡಿದರು. ಮೊದಲ ಸಲ ಸ್ವಿಚ್ಚು ಹಾಕಿದಾಗ ಮನೆಯ ಫ್ಯೂಸು ಹೋಯಿತು. ಫ್ಯೂಸಿಗೆ ತಂತಿ ಕಟ್ಟಿ ಮತ್ತೆ ಹಾಕಿದೆವು. ಮಿಲ್ಲಿನ ಅಕ್ಕನನ್ನೂ ಕರೆದು ಅದರಲ್ಲಿ ನೀರು ಕಾಯಿಸಿ ಕಾಫಿ ಕೊಟ್ಟೆ. “ಒಲೆ ಇಲ್ದಂಗೇ ಕುದೀತದಲ್ಲವ್ವಾ” ಅಂತ ಅವಳು ಮುಚ್ಚಳ ತೆಗೆದು ತೆಗೆದು ನೋಡಿದಳು. ನನಗೂ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ. ಇವರು ಕೂತಲ್ಲೇ ಕೆಟಲ್ಲಿನ ಆವಿ ನೋಡುತ್ತಾ ಕ್ಯಾಮರಾವನ್ನೇ ಕಾಣುತ್ತಿದ್ದರು.

ಆಮೇಲೆ ಚೀಟಿಯ ದುಡ್ಡಿನಿಂದ ಬಿಡ್ ಕಟ್ಟುಗಳು ಬಂದವು. ಸೈಬರ್‌ನವನ ಕಾರ್ಡಿನಲ್ಲಿ ಕೊಳ್ಳುವುದು, ಅವನ ಕೈಗೆ ನಗದು ಕೊಡುವುದು. ಅದೇ ಹೊತ್ತಿಗೆ ಆ ಸೈಟಿನಲ್ಲಿ ಇವರಿಗೆ ಒಬ್ಬ ಎದುರಾಳಿ ಸಿಕ್ಕಿದ. ಇಂಗ್ಲಿಷ್ ಅಕ್ಷರ, ಕೊನೆಗೆ ಅಂಕಿ ಇದ್ದ ಒಂದು ಹೆಸರು, ಅಷ್ಟೇ. ಯಾವ ಊರೋ, ಗಂಡೋ ಹೆಣ್ಣೋ ತಿಳಿಯುವಂತಿರಲಿಲ್ಲ. ಇವರು ಒತ್ತಿದ ಕೂಡಲೇ ಅವನು ಒತ್ತುತ್ತಿದ್ದ.

“ಅಣ್ಣ, ಅದು ಮನುಷ್ಯ ಅಲ್ದೇನೂ ಇರ್ಬೈದು ಕಣಣ್ಣ” ಅಂದ ಸೈಬರ್‌ನವನು. “ಕಂಪ್ನಿಯೋರೇ ಕೂರ್ಸಿರೋ ಮಿಷನ್ನು ಇರ್ತವಂತೆ ಕೆಲವು ಕಡೆ. ನಂಗೂ ಸರ್ಯಾಗ್ ಗೊತ್ತಿಲ್ಲ. ನೀನು ಇಲ್ಗೇ ನಿಲ್ಸು.”

“ಮಿಷನ್ನಾದ್ರೆ ಒಂದೇ ಸಮ ಒತ್ಬೇಕು. ಇವ್ನು ಒಂದೊಂದ್ಸಲ ತಡೀತಾನೆ. ಯೋಚ್ನೆ ಮಾಡ್ತಾವ್ನೆ ಕಣ್ಲಾ” ಅಂದರು ಇವರು.

ಜಗಲಿಯ ಮೇಲಿನ ಉಪಾಯವನ್ನೇ ಮಾಡಿದರು. ಅವನು ಹಠಮಾರಿ, ಕೊಟ್ಟು ಸಾಗಹಾಕೋಣ ಅಂತ ಒಂದು ಮೊಬೈಲ್ ಅವನಿಗೆ ಬಿಟ್ಟರು. ಮತ್ತೊಂದು ದಿನ ಒಂದು ಟೀವಿಯನ್ನು ಇನ್ನೇನು ಕೈಗೆ ಸಿಗುವಂತಿದ್ದಾಗ ಬಿಟ್ಟರು. “ಇನ್ನು ಇವ್ನು ಬರಾಕಿಲ್ಲ, ಒಟ್ಟೆ ತುಂಬ್ತು” ಅಂದುಕೊಂಡು ನೆಮ್ಮದಿಯಿಂದ ಮನೆಗೆ ಬಂದರು. ಚೀಟಿ ಎತ್ತಿದವನು ಮತ್ತೆ ಬರುವುದಿಲ್ಲ ಅನ್ನುವುದು ಇವರ ರಕ್ತದಲ್ಲೇ ಇತ್ತು. ಆ ಸೈಟಿನಲ್ಲಿ ಗೆದ್ದವನಿಗೆ ಬಾಗಿಲು ಮುಚ್ಚುವ ಮೇಷ್ಟ್ರು ಯಾರಿದ್ದರು?

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಮಾತು ಕಡಿಮೆಯಾಯಿತು. ನಾನು ಕೇಳಿದರೆ ಜಗಳ. ಹಾಸನದ ಕ್ಯಾಮರಾ ಮಾರಿಹೋಯಿತು ಅಂತ ಸುದ್ದಿ ಬಂತು. ದಂಡಿಗನಹಳ್ಳಿಯಲ್ಲಿ ಇವರ ದೊಡ್ಡಪ್ಪನ ಮೊಮ್ಮಗಳ ಮದುವೆ ಗೊತ್ತಾಗಿತ್ತು. ಡಿಜಿಟಲ್ ಆಲ್ಬಂ ಮಾಡಿಕೊಡುವುದಾದರೆ ನಿನಗೇ, ಇಲ್ಲದಿದ್ದರೆ ಬೇಜಾರು ಮಾಡಿಕೋಬೇಡ ಅಂತ ಸ್ವಂತ ದಾಯಾದಿಗಳೇ ಹೇಳಿಕಳಿಸಿದರು. ನನಗೆ ಹೆದರಿಕೆ ಹತ್ತಿತು. ದುಡ್ಡು ಹೋಗುತ್ತದೆ ಅನ್ನುವುದಕ್ಕಿಂತ, ಈ ಮನುಷ್ಯ ಕ್ಯಾಮರಾ ಇಲ್ಲದೆ ಏನಾಗಿ ಉಳಿಯುತ್ತಾರೆ ಅನ್ನುವ ಹೆದರಿಕೆ.

ಕೊನೆಗೆ ಇವರು ಕಾಯುತ್ತಿದ್ದಂಥ ಒಂದು ಕ್ಯಾಮರಾ ಆ ಸೈಟಿನಲ್ಲಿ ಹರಾಜಿಗೆ ಬಂತು. ಶುಕ್ರವಾರದ ರಾಹುಕಾಲ, ಹಾಡುಹಗಲು. ಮದುವೆ ಕೆಲಸಕ್ಕೆ ಹೇಳಿ ಮಾಡಿಸಿದಂಥದ್ದು, ಹೊಚ್ಚಹೊಸದು. ಅಂಗಡಿಯಲ್ಲಿ ಯಾರೋ ರೇಷನ್ ಕಾರ್ಡಿನ ಫೋಟೋಕ್ಕೆ ಬಂದು ಕಾಯುತ್ತಿದ್ದರು. ಇವರನ್ನು ಕರೆಯಲು ನಾನು ಸೈಬರ್ ಸೆಂಟರಿಗೆ ಹೋದೆ. ಹೋದವಳು ಹಿಂದೆಯೇ ನಿಂತುಬಿಟ್ಟೆ.

ಮೊದಲು ತುಂಬ ಜನ ಇದ್ದರಂತೆ. ನಾನು ಹೋಗುವ ಹೊತ್ತಿಗೆ ಒಬ್ಬೊಬ್ಬರೇ ಕಳಚಿಕೊಂಡು ಇಬ್ಬರು ಉಳಿದಿದ್ದರು. ಒಬ್ಬರು ಇವರು. ಇನ್ನೊಬ್ಬ ಅದೇ ಅಕ್ಷರ ಅದೇ ಅಂಕಿಯವನು.

“ಇವ್ನು ಮತ್ತೆ ಬಂದ್ಬುಟ್ಟವ್ನೆ” ಅಂದರು ಇವರು, ತಿರುಗದೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯ ಇತ್ತು. ಎರಡು ಸಲ ಬಿಟ್ಟುಕೊಟ್ಟಿದ್ದೇನೆ, ಆದರೂ ಬಂದಿದ್ದಾನೆ ಅನ್ನುವ ಆಶ್ಚರ್ಯ.

ಇವರು ಒತ್ತುತ್ತಾರೆ, ಅವನು ಒತ್ತುತ್ತಾನೆ. ಗಡಿಯಾರ ಸೊನ್ನೆಯ ಹತ್ತಿರ ಬರುತ್ತದೆ, ಮತ್ತೆ ಹಿಂದಕ್ಕೆ ಹೋಗುತ್ತದೆ. ಇವರ ಹತ್ತಿರ ಇನ್ನೂ ಬಿಡ್‌ಗಳು ಮಿಕ್ಕಿದ್ದವು, ಪರದೆಯ ಮೂಲೆಯಲ್ಲಿ ಕಾಣುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಎದುರಿನವನು ತಡಮಾಡಲು ಶುರುಮಾಡಿದ. ಇನ್ನೇನು ಸೊನ್ನೆ ಅನ್ನುವಾಗ ಒತ್ತುತ್ತಿದ್ದ. ಸೋಲುವವನ ಲಕ್ಷಣ ಇದು ಅಂತ ನನಗೂ ಅನ್ನಿಸಿತು.

ಆಗ ಇವರು ಮೌಸಿನಿಂದ ಕೈ ತೆಗೆದರು.

“ಒತ್ರೀ” ಅಂದೆ.

“ಇವ್ನಿಗೂ ಸ್ಟುಡಿಯೋ ಐತೆ ಕಣೇ” ಅಂದರು. ನಿಧಾನವಾಗಿ, ಪಕ್ಕದ ಮನೆಯವರ ವಿಷಯ ಹೇಳುವ ಹಾಗೆ. “ಒಂದು ಕ್ಯಾಮರಾಗೆ ಇಂಗೆ ಒದ್ದಾಡ್ಬೇಕು ಅಂದ್ರೆ ಮತ್ಯಾರು? ಯಾವ್ದೋ ಊರಾಗೆ ನನ್ನಂಗೇ ರೋಲ್ ಕ್ಯಾಮರಾ ಇಟ್ಕಂಡು ಕೂತವ್ನೆ. ದನಿ ಇಳ್ದೈತೆ ನೋಡು ಅವಂದು.”

“ದನಿ ಎಲ್ಲಿದೆ? ಒತ್ರೀ ಮೊದ್ಲು.”

“ಅಕ್ಕ ಅವತ್ತು ನಂಗೆ ಬುಡ್ಲಿಲ್ವಾ?”

ನಾನು ಮೌಸಿಗೆ ಕೈ ಹಾಕಿದೆ. ಎಲ್ಲಿ ಒತ್ತಬೇಕು ಅಂತ ನನಗೆ ಗೊತ್ತಿರಲಿಲ್ಲ. ಸೈಬರ್‌ನವನು ಕೌಂಟರಿನಿಂದ ಎದ್ದು ಬರುವುದರೊಳಗೆ ಗಡಿಯಾರ ಸೊನ್ನೆ ಮುಟ್ಟಿತು. ಆ ಹೆಸರಿನ ಪಕ್ಕದಲ್ಲಿ ಗೆದ್ದರು ಅಂತ ಬಂತು. ಇವರು ಒಂದು ಉಸಿರು ಬಿಟ್ಟರು. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ಅವರ ಮುಖದಲ್ಲಿ ಒಂದು ಸಮಾಧಾನ ಇತ್ತು. ಅದನ್ನು ಕಂಡು ನನಗೆ ಮೈಯೆಲ್ಲ ಉರಿಯಿತು. ಆಡಬಾರದ ಮಾತುಗಳನ್ನೆಲ್ಲ ಅಲ್ಲೇ ಝೆರಾಕ್ಸಿಗೆ ಬಂದವರ ಎದುರಿಗೇ ಆಡಿದೆ. ಇವರು ಅಂಗಡಿಗೆ ಬಂದು ರೇಷನ್ ಕಾರ್ಡಿನವರ ಫೋಟೋ ತೆಗೆದರು.

ಮುಂದಿನ ಶುಕ್ರವಾರ ಸೈಬರ್‌ನವನು ತಾನೇ ನಮ್ಮ ಅಂಗಡಿಗೆ ಬಂದ. “ಅಣ್ಣ, ಒಸಿ ಬಾ” ಅಂದ. ನಾನೂ ಹೋದೆ. ಪರದೆಯ ಮೇಲೆ ಅದೇ ಕ್ಯಾಮರಾ ಮತ್ತೆ ಹರಾಜಿಗಿತ್ತು. ಅದೇ ಅಕ್ಷರ, ಅದೇ ಅಂಕಿ. ಅವನು ಬೇರೆ ಯಾರ ಜೊತೆಗೋ ಹಾಗೇ ಒತ್ತುತ್ತಿದ್ದ. ಇನ್ನೇನು ಸೊನ್ನೆ ಅನ್ನುವಾಗ, ತಡಮಾಡಿ, ತಡಮಾಡಿ.

ಇವರು ತುಂಬ ಹೊತ್ತು ನಿಂತು ನೋಡಿದರು. ಮಿಷನ್ನೋ, ಅಗ್ಗಕ್ಕೆ ಗೆದ್ದು ಮಾರುವ ದಂಧೆಯವನೋ, ನಮಗೆ ಇವತ್ತಿಗೂ ಗೊತ್ತಿಲ್ಲ. ಯಾವುದೋ ಊರಿನ ಸ್ಟುಡಿಯೋದವನು ಮಾತ್ರ ಅಲ್ಲ ಅನ್ನುವುದು ಇವರಿಗೆ ಗೊತ್ತಾಯಿತು. ಹೆಗಲ ಮೇಲಿನ ಟವಲ್ಲು ತೆಗೆದು ಮುಖ ಒರೆಸಿಕೊಂಡು, “ಸರಿ ಬುಡಪ್ಪ” ಅಂದು ಹೊರಗೆ ಬಂದರು. ನನಗೆ ಅವತ್ತು ಬೈಯಲು ಬಾಯಿ ಬರಲಿಲ್ಲ. ಉಳಿದ ಬಿಡ್‌ಗಳು ಅಲ್ಲೇ ಕೊಳೆತವು. ಉಳಿದ ದುಡ್ಡಿಗೆ ಕ್ಯಾಮರಾನೂ ಬರುವಂತಿರಲಿಲ್ಲ, ಮೋಟರೂ ಬರುವಂತಿರಲಿಲ್ಲ. ಚೀಟಿಯ ಕಂತು ಕಟ್ಟುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಅಕ್ಕನಿಗೆ ಹೇಳಬೇಕಿತ್ತು. ನಾಳೆ ಹೇಳೋಣ ಅಂತ ಇವರು, ನೀವೇ ಹೇಳಿ ಅಂತ ನಾನು. ಅಷ್ಟರಲ್ಲಿ ಒಂದು ಬೆಳಿಗ್ಗೆ ಅವಳೇ ಮಗಳನ್ನು ಕರೆದುಕೊಂಡು ಬಂದಳು. ಅರಕಲಗೂಡಿನ ಕಡೆಯಿಂದ ಒಂದು ಸಂಬಂಧ ಬಂದಿತ್ತು, ಫೋಟೋ ಕೇಳಿದ್ದರು. ಹುಡುಗಿ ರೇಷ್ಮೆ ಸೀರೆ ಉಟ್ಟು, ಎರಡೆಳೆ ಮಲ್ಲಿಗೆ ಮುಡಿದಿದ್ದಳು. ಅಕ್ಕನ ಮೊಣಕೈ ತನಕ ರಾಗಿಹಿಟ್ಟು. ಮೋಟರು ಕೈಕೊಟ್ಟಿದ್ದರಿಂದ ಅರ್ಧ ಬೀಸಿದ್ದನ್ನು ಹಾಗೇ ಬಿಟ್ಟು ಬಂದೆ ಅಂದಳು.

ಇವರು ಹುಡುಗಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಲೈಟು ಹಾಕಿ, ಹಳೆಯ ಕ್ಯಾಮರಾವನ್ನು ಸ್ಟ್ಯಾಂಡಿಗೆ ಹಾಕಿದರು. ನಾನು ಹೋಗಿ, ಅಂಗಡಿಗೇ ತಂದಿಟ್ಟುಕೊಂಡಿದ್ದ ಕೆಟಲ್ಲಿನಲ್ಲಿ ನೀರಿಟ್ಟೆ. ಕೈಗೆ ಏನಾದರೂ ಕೆಲಸ ಬೇಕಿತ್ತು. ಇವರು ಒಂದು ಫೋಟೋ ತೆಗೆದರು.

“ಎಲ್ಲಿ, ಇಂದ್ಗಡೆ ಕಾಣ್ತದಂತಲ್ಲ. ತೋರ್ಸಪ್ಪ” ಅಂತ ಅಕ್ಕ ನಗುತ್ತಾ ಬಂದು ಕ್ಯಾಮರಾದ ಹಿಂದೆ ನಿಂತಳು. ಅಲ್ಲಿ ಕರಿ ಮುಚ್ಚಳ ಬಿಟ್ಟರೆ ಏನಿದೆ? ಅವಳು ಅದನ್ನು ನೋಡಿದಳು. ಹಿಟ್ಟಿನ ಬೆರಳಿನಿಂದ ಒಂದು ಸಲ ಮುಟ್ಟಿಯೂ ನೋಡಿದಳು.

“ಒಸಾದು ಬರ್ಲಿಲ್ಲ ಅಕ್ಕ” ಅಂದರು ಇವರು. “ಬುಟ್ಕೊಟ್ಬುಟ್ಟೆ.”

“ಯಾರ್ಗೆ?”

“ಗೊತ್ತಿಲ್ಲ.”

ಅಕ್ಕ ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ನಾನು ಅಷ್ಟೊಂದು ಬೈದಿದ್ದೆ, ಅವಳೂ ಬೈದಿದ್ದರೆ ಇವರು ತಡೆದುಕೊಳ್ಳುತ್ತಿದ್ದರು. ಅವಳು ಇವರನ್ನು ಅವತ್ತು ಜಗಲಿಯ ಮೇಲೆ ನೋಡಿದ ಹಾಗೇ ನೋಡಿದಳು.

“ನಾನು ಬುಟ್ಟಿದ್ದು ನಿನ್ ಮಕ ನೋಡ್ಕಂಡು ಕಣಪ್ಪ” ಅಂದಳು. “ನೀನು ಯಾರ್ ಮಕ ನೋಡ್ಕಂಡು ಬುಟ್ಟೆ?”

ಚುಚ್ಚಲು ಕೇಳಿದ್ದಲ್ಲ ಅದು. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಇವರು ಕ್ಯಾಮರಾದ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದರು. ಸ್ಟೂಲಿನ ಮೇಲೆ ಹುಡುಗಿ ಇನ್ನೂ ಅಲ್ಲಾಡದೆ ಕೂತಿದ್ದಳು, ಲೈಟಿನ ಬಿಸಿಗೆ ಅವಳ ಹಣೆಯಲ್ಲಿ ಬೆವರು ಮೂಡಿತ್ತು. ಕೆಟಲ್ಲು ಕುದಿದು ತಾನೇ ಆರಿಕೊಂಡ ಸದ್ದಾಯಿತು. ನಾನು ಹೋಗಿ ನನ್ನ ಸೆರಗಿನಿಂದ ಆ ಹುಡುಗಿಯ ಮುಖ ಒರೆಸಿದೆ, ಇನ್ನೊಂದು ತೆಗೀರಿ ಅಂದೆ.

ಇವರು ತೆಗೆದರು.